ಒತ್ತಡವನ್ನು ಇಳಿಸುವ ಅನಿಲ: ನಮ್ಮ ದೇಹದಲ್ಲಿ ನೈಟ್ರಿಕ್ ಆಕ್ಸೈಡ್

ನಮ್ಮ ಧರ್ಮಕೇಂದ್ರಗಳಲ್ಲಿ ಹೃದಯದ ತೊಂದರೆ ಇರುವ ಹಿರಿಯರಲ್ಲಿ ಹಲವರು ಸಾರ್ಬಿಟ್ರೇಟ್ ಎಂಬ ಪುಟ್ಟ ಮಾತ್ರೆಯನ್ನು ಜೇಬಿನಲ್ಲಿಯೋ ಪರ್ಸಿನಲ್ಲಿಯೋ ಇಟ್ಟುಕೊಂಡೇ ಬಲಿಪೂಜೆಗೆ ಬರುತ್ತಾರೆ. ಎದೆ ಹಿಡಿದಂತಾದರೆ ಅದನ್ನು ನಾಲಿಗೆಯ ಅಡಿಯಲ್ಲಿ ಇಟ್ಟುಕೊಳ್ಳಬೇಕೆಂದು ವೈದ್ಯರು ತಿಳಿಸಿರುತ್ತಾರೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ. ಆ ಮಾತ್ರೆ ದೇಹದೊಳಗೆ ಹೋಗಿ ಬಿಡುಗಡೆ ಮಾಡುವುದು ನೈಟ್ರಿಕ್ ಆಕ್ಸೈಡ್ ಎಂಬ ಒಂದು ಅನಿಲವನ್ನು. ಅಚ್ಚರಿಯ ಸಂಗತಿಯೆಂದರೆ, ಆರೋಗ್ಯವಂತ ದೇಹವು ಇದೇ ಅನಿಲವನ್ನು ಹಗಲಿರುಳು ತಾನೇ ತಯಾರಿಸಿಕೊಳ್ಳುತ್ತಿರುತ್ತದೆ.

ಕೆಲವು ವರ್ಷಗಳಿಂದ ಈ ಅನಿಲದ ಹೆಸರು ಆಸ್ಪತ್ರೆಯ ಹೊರಗೂ ಕೇಳಿಬರುತ್ತಿದೆ. ಧ್ಯಾನ ಮಾಡಿದರೆ ಅದು ಹೆಚ್ಚುತ್ತದೆ, ಜಪ ಮಾಡಿದರೆ ಹೆಚ್ಚುತ್ತದೆ, ಹಾಗಾಗಿ ಬಿ.ಪಿ. ಮಾತ್ರೆಯೇ ಬೇಡ ಎನ್ನುವವರೂ ಇದ್ದಾರೆ. ಇದರಲ್ಲಿ ಸತ್ಯವೆಷ್ಟು, ಊಹೆಯೆಷ್ಟು, ಅಪಾಯವೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಅಗತ್ಯವೆಂದು ನಮಗೆ ಅನಿಸುತ್ತದೆ. ಏಕೆಂದರೆ ಭಕ್ತರು ತಮ್ಮ ಕಾಯಿಲೆಯ ವಿಷಯವನ್ನು ವೈದ್ಯರಿಗಿಂತ ಮೊದಲು ಹೇಳಿಕೊಳ್ಳುವುದು ಎಷ್ಟೋ ಬಾರಿ ಗುರುಗಳ ಬಳಿ, ಧರ್ಮಭಗಿನಿಯರ ಬಳಿ, ಇಲ್ಲವೇ ವಾರ್ಡಿನ ಗುರಿಕಾರರ ಬಳಿ. ಅಲ್ಲಿ ಸಿಗುವ ಉತ್ತರದ ಮೇಲೆ ಒಂದು ಜೀವ ನಿಂತಿರಬಹುದು.

ಸ್ಫೋಟಕದಿಂದ ಔಷಧಿಗೆ

ಒಂದು ನೈಟ್ರೋಜನ್ ಪರಮಾಣು, ಒಂದು ಆಕ್ಸಿಜನ್ ಪರಮಾಣು ಸೇರಿದರೆ ನೈಟ್ರಿಕ್ ಆಕ್ಸೈಡ್. ಹಲ್ಲಿನ ವೈದ್ಯರು ಬಳಸುವ ನಗೆ ಅನಿಲವೇ ಇದು ಎಂದು ಕೆಲವರು ತಿಳಿಯುವುದುಂಟು. ಅದು ನೈಟ್ರಸ್ ಆಕ್ಸೈಡ್. ಹೆಸರು ಹತ್ತಿರ, ವಸ್ತು ಬೇರೆ. ನೈಟ್ರಿಕ್ ಆಕ್ಸೈಡ್ ವಾಹನಗಳ ಹೊಗೆಯಲ್ಲಿಯೂ ಇರುವ ಅನಿಲ. ಆದುದರಿಂದ ಬಹುಕಾಲ ವಿಜ್ಞಾನಿಗಳು ಅದನ್ನು ಗಾಳಿಯನ್ನು ಕೆಡಿಸುವ ವಸ್ತುವೆಂದೇ ಎಣಿಸಿದ್ದರು.

ಇದರ ಕಥೆಯಲ್ಲಿ ನೊಬೆಲ್ ಪ್ರಶಸ್ತಿಯ ಸ್ಥಾಪಕ ಆಲ್ಫ್ರೆಡ್ ನೊಬೆಲ್ ಅವರಿಗೂ ಒಂದು ಪಾತ್ರವಿದೆ. ನೈಟ್ರೋಗ್ಲಿಸರಿನ್ ಎಂಬ ಅಪಾಯಕಾರಿ ದ್ರವವನ್ನು ಪಳಗಿಸಿ 1867ರಲ್ಲಿ ಅವರು ಡೈನಮೈಟ್‌ಗೆ ಪೇಟೆಂಟ್ ಪಡೆದರು. ಅದೇ ನೈಟ್ರೋಗ್ಲಿಸರಿನ್ ಅಲ್ಪ ಪ್ರಮಾಣದಲ್ಲಿ ಎದೆನೋವನ್ನು ಶಮನಗೊಳಿಸುತ್ತದೆ ಎಂಬುದನ್ನು ಲಂಡನ್ನಿನ ವೈದ್ಯ ವಿಲಿಯಂ ಮರೆಲ್ 1879ರಲ್ಲಿ ಪ್ರಕಟಿಸಿದರು. ನೊಬೆಲ್ ಅವರಿಗೆ ಹೃದ್ರೋಗ ಕಾಣಿಸಿಕೊಂಡಾಗ ವೈದ್ಯರು ಬರೆದುಕೊಟ್ಟದ್ದೂ ಇದನ್ನೇ. ತನಗೆ ಸಂಪತ್ತು ತಂದ ಸ್ಫೋಟಕವನ್ನೇ ಔಷಧಿಯಾಗಿ ನುಂಗಬೇಕಾಗಿ ಬಂದ ವಿಧಿಯ ವಿಚಿತ್ರವನ್ನು ಅವರು 1896ರಲ್ಲಿ, ತಮ್ಮ ಮರಣಕ್ಕೆ ಕೆಲವೇ ವಾರಗಳ ಮುಂಚೆ, ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾರೆ.

ಔಷಧಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಮತ್ತೆ ಸುಮಾರು ನೂರು ವರ್ಷ ಬೇಕಾಯಿತು. ನೈಟ್ರೋಗ್ಲಿಸರಿನ್ ದೇಹದಲ್ಲಿ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡುತ್ತದೆ ಎಂಬ ಸುಳಿವನ್ನು ಅಮೆರಿಕದ ಫೆರಿಡ್ ಮುರಾಡ್ 1977ರಲ್ಲಿ ನೀಡಿದರು. ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ತುಂಡುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಒಂದೇ ಔಷಧಿಗೆ ಕೆಲವು ತುಂಡುಗಳು ಬಿಗಿಯುತ್ತಿದ್ದವು, ಕೆಲವು ಸಡಿಲಗೊಳ್ಳುತ್ತಿದ್ದವು. ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು: ಬಿಗಿದ ತುಂಡುಗಳಲ್ಲಿ ನಾಳದ ಒಳಪದರವು ಸಿದ್ಧತೆಯ ವೇಳೆ ಉಜ್ಜಿಹೋಗಿತ್ತು. ಹಾಗಾದರೆ ಸಡಿಲಿಸುವ ಸಂದೇಶ ಹೊರಡುವುದು ಆ ತೆಳುವಾದ ಒಳಪದರದಿಂದಲೇ ಎಂದು ಅವರು 1980ರಲ್ಲಿ ಪ್ರಕಟಿಸಿದರು. ಆ ಸಂದೇಶವು ನೈಟ್ರಿಕ್ ಆಕ್ಸೈಡ್ ಎಂಬ ತೀರ್ಮಾನಕ್ಕೆ ಫರ್ಚ್‌ಗಾಟ್ ಹಾಗೂ ಲೂಯಿಸ್ ಇಗ್ನಾರೊ 1986ರಲ್ಲಿ ಬಂದರು. ಲಂಡನ್ನಿನಲ್ಲಿ ಸಾಲ್ವಡಾರ್ ಮೊಂಕಾಡಾ ಮತ್ತು ಸಂಗಡಿಗರು 1987ರಲ್ಲಿ ಇದಕ್ಕೆ ಪುರಾವೆ ಒದಗಿಸಿದರು. ಮುರಾಡ್, ಫರ್ಚ್‌ಗಾಟ್ ಮತ್ತು ಇಗ್ನಾರೊ ಅವರಿಗೆ 1998ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಒಂದು ಅನಿಲವು ದೇಹದಲ್ಲಿ ಸಂದೇಶವಾಹಕನಾಗಿ ಕೆಲಸ ಮಾಡಬಲ್ಲದೆಂಬುದು ಅಲ್ಲಿಯ ತನಕ ಯಾರೂ ನಿರೀಕ್ಷಿಸದ ಸಂಗತಿಯಾಗಿತ್ತು.

ಒತ್ತಡ ಬಂದಾಗ ಏನಾಗುತ್ತದೆ?

ಕಡಲಿನಲ್ಲಿ ಗಾಳಿ ತಿರುಗಿದಾಗ, ಮಗನಿಂದ ಫೋನ್ ಬಾರದಿದ್ದಾಗ, ಬ್ಯಾಂಕಿನಿಂದ ನೋಟಿಸ್ ಬಂದಾಗ ನಮ್ಮ ಮೆದುಳು ಒಂದೇ ರೀತಿಯ ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಸುರಿಯುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ. ಚರ್ಮದ ಮತ್ತು ಹೊಟ್ಟೆಯ ರಕ್ತನಾಳಗಳು ಬಿಗಿಯುತ್ತವೆ. ರಕ್ತದೊತ್ತಡ ಏರುತ್ತದೆ. ಇದು ರೋಗವಲ್ಲ, ಅಪಾಯವನ್ನು ಎದುರಿಸಲು ಅಥವಾ ತಪ್ಪಿಸಿಕೊಳ್ಳಲು ಸೃಷ್ಟಿಕರ್ತನು ನಮಗಿತ್ತ ಸಿದ್ಧತೆ. ಅದಿಲ್ಲದಿದ್ದರೆ ರಸ್ತೆ ದಾಟುವಾಗ ಎದುರಿಗೆ ಬಂದ ಬಸ್ಸಿನಿಂದ ಹಿಂದಕ್ಕೆ ಹಾರುವುದು ನಮಗೆ ಸಾಧ್ಯವಾಗುತ್ತಿರಲಿಲ್ಲ.

ಆದರೆ ಏರಿದ್ದು ಇಳಿಯಬೇಕು. ಇಳಿಸುವ ಕೆಲಸಗಾರರಲ್ಲಿ ನೈಟ್ರಿಕ್ ಆಕ್ಸೈಡ್ ಒಬ್ಬ. ನಮ್ಮ ಎಲ್ಲಾ ರಕ್ತನಾಳಗಳ ಒಳಗೋಡೆಗೆ ಎಂಡೋಥೀಲಿಯಂ ಎಂಬ ಒಂದೇ ಸಾಲಿನ ಜೀವಕೋಶಗಳ ಹೊದಿಕೆಯಿದೆ. ರಕ್ತ ರಭಸದಿಂದ ಹರಿದು ಈ ಹೊದಿಕೆಯನ್ನು ಸವರಿದಾಗ ಅಲ್ಲಿನ ಕಿಣ್ವವೊಂದು ಎಚ್ಚೆತ್ತು, ಆಹಾರದಿಂದ ಬಂದ ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅನಿಲವಾದುದರಿಂದ ಅದಕ್ಕೆ ಬಾಗಿಲು ಬೇಕಿಲ್ಲ. ಜೀವಕೋಶದ ಗೋಡೆಯನ್ನು ಸಲೀಸಾಗಿ ದಾಟಿ ಪಕ್ಕದ ಸ್ನಾಯುವನ್ನು ಸೇರುತ್ತದೆ. ಸ್ನಾಯು ಸಡಿಲಗೊಳ್ಳುತ್ತದೆ, ನಾಳ ಹಿಗ್ಗುತ್ತದೆ, ರಕ್ತದ ಹಾದಿ ಸುಗಮವಾಗುತ್ತದೆ. ಈ ಅನಿಲದ ಆಯುಸ್ಸು ಕೆಲವೇ ಕ್ಷಣಗಳು. ಕೆಲಸ ಮುಗಿದೊಡನೆ ಅದು ಇಲ್ಲವಾಗುತ್ತದೆ. ಆದುದರಿಂದ ಅದನ್ನು ಕೂಡಿಟ್ಟುಕೊಳ್ಳಲಾಗದು. ಕ್ಷಣಕ್ಷಣವೂ ಹೊಸದಾಗಿ ತಯಾರಾಗಬೇಕು.

ಒತ್ತಡವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿದಾಗ ಈ ತಯಾರಿಕೆಯೇ ಕುಂದುತ್ತದೆ. ಧೂಮಪಾನ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡಗಳೂ ಒಳಪದರವನ್ನು ಹಾಳುಮಾಡುತ್ತವೆ. ಆಗ ತಯಾರಾದ ಅಲ್ಪಸ್ವಲ್ಪ ಅನಿಲವೂ ಸ್ನಾಯುವನ್ನು ತಲುಪುವ ಮುನ್ನವೇ ಬೇರೆ ರಾಸಾಯನಿಕಗಳೊಂದಿಗೆ ಬೆರೆತು ನಷ್ಟವಾಗುತ್ತದೆ. ಏರಿದ ಒತ್ತಡ ಇಳಿಯದೆ ಅಲ್ಲೇ ನಿಲ್ಲುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನೈಟ್ರಿಕ್ ಆಕ್ಸೈಡ್ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಸರಿಯಲ್ಲ. ಸೋಂಕು ತಗಲಿದಾಗ ದೇಹದ ರಕ್ಷಕ ಕೋಶಗಳು ರೋಗಾಣುಗಳನ್ನು ಕೊಲ್ಲಲು ಇದನ್ನೇ ದೊಡ್ಡ ಪ್ರಮಾಣದಲ್ಲಿ ಬಳಸುತ್ತವೆ. ರಕ್ತಕ್ಕೆ ತೀವ್ರ ಸೋಂಕು ಹರಡಿದ ರೋಗಿಗಳಲ್ಲಿ ಅದು ಮಿತಿಮೀರಿ ರಕ್ತದೊತ್ತಡ ಪಾತಾಳಕ್ಕಿಳಿಯಲು ಒಂದು ಕಾರಣವಾಗುತ್ತದೆ. ಅನ್ನಕ್ಕೆ ಉಪ್ಪು ಇದ್ದ ಹಾಗೆ, ಎಷ್ಟು ಬೇಕೋ ಅಷ್ಟು, ಎಲ್ಲಿ ಬೇಕೋ ಅಲ್ಲಿ ಇರಬೇಕು.

ಮೂರು ನಿಮಿಷದ ಭಾಷಣ, ಎಂಟು ನಿಮಿಷದ ಕೋಪ

ಮನಸ್ಸಿನ ಕಷ್ಟ ರಕ್ತನಾಳದ ತನಕ ಮುಟ್ಟುತ್ತದೆಯೇ ಎಂಬುದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಲಂಡನ್ನಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಪುರುಷರ ಸಣ್ಣ ಗುಂಪೊಂದಕ್ಕೆ ಕೇವಲ 3 ನಿಮಿಷ ಮಾತನಾಡುವ, ಆದರೆ ಮನಸ್ಸಿಗೆ ಇಕ್ಕಟ್ಟು ತರುವ ಕೆಲಸ ಕೊಡಲಾಯಿತು. ಅನಂತರ ಕೈಯ ರಕ್ತನಾಳ ಎಷ್ಟು ಹಿಗ್ಗುತ್ತದೆಂದು ಪರೀಕ್ಷಿಸಿದರು. ಅರ್ಧ ಗಂಟೆಯ ಬಳಿಕ ಹಿಗ್ಗುವ ಶಕ್ತಿ ಬಹುತೇಕ ಅರ್ಧಕ್ಕೆ ಇಳಿದಿತ್ತು. ಒಂದೂವರೆ ಗಂಟೆಯ ಬಳಿಕವೂ ಹಾಗೆಯೇ ಇತ್ತು. 4 ಗಂಟೆಯ ಹೊತ್ತಿಗೆ ಮತ್ತೆ ಮೊದಲಿನಂತಾಯಿತು. ಮಾತು 3 ನಿಮಿಷದಲ್ಲಿ ಮುಗಿದರೂ ದೇಹ ಅದನ್ನು ಬಹಳ ಹೊತ್ತು ಹೊತ್ತುಕೊಂಡಿತ್ತು.

2024ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 280 ಮಂದಿಯ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಕೆಲವರಿಗೆ ತಮಗೆ ಕೋಪ ತಂದ ಘಟನೆಯನ್ನು, ಇನ್ನು ಕೆಲವರಿಗೆ ಆತಂಕ ತಂದ ಘಟನೆಯನ್ನು 8 ನಿಮಿಷ ನೆನಪಿಸಿಕೊಳ್ಳಲು ಹೇಳಲಾಯಿತು; ಮತ್ತೊಂದು ಗುಂಪಿನಲ್ಲಿ ದುಃಖದ ಭಾವನೆ ಮೂಡಿಸಲಾಯಿತು; ಉಳಿದವರು ಸುಮ್ಮನೆ ಅಂಕೆಗಳನ್ನು ಎಣಿಸಿದರು. ಕೋಪವನ್ನು ನೆನೆದವರಲ್ಲಿ ರಕ್ತನಾಳ ಹಿಗ್ಗುವ ಶಕ್ತಿ 40 ನಿಮಿಷಗಳ ತನಕ ಕುಂದಿತ್ತು. ದುಃಖ ಮತ್ತು ಆತಂಕದಲ್ಲಿ ಅಂತಹ ಸ್ಪಷ್ಟ ಬದಲಾವಣೆ ಕಂಡುಬರಲಿಲ್ಲ. ಗಮನಿಸಬೇಕಾದದ್ದು, ಇಲ್ಲಿ ಯಾರೂ ಹೊಸದಾಗಿ ಜಗಳವಾಡಲಿಲ್ಲ. ಹಳೆಯ ಜಗಳವನ್ನು ನೆನಪಿಸಿಕೊಂಡರು, ಅಷ್ಟೆ. ಜಾಗದ ತಕರಾರು, ಪಾಲಿನ ತಕರಾರುಗಳನ್ನು ವರ್ಷಗಟ್ಟಲೆ ಮೆಲುಕು ಹಾಕುವ ಕುಟುಂಬಗಳು ಇದನ್ನು ಓದಬೇಕು. ಕೋಪವನ್ನು ರಾತ್ರಿಗೆ ಉಳಿಸಿಕೊಳ್ಳಬೇಡಿರೆಂದು ಸಂತ ಪೌಲರು ಎಫೆಸದವರಿಗೆ ಕೊಟ್ಟ ಬುದ್ಧಿಮಾತು ಆತ್ಮಕ್ಕೆ ಸಂಬಂಧಿಸಿದ್ದು. ಅದು ದೇಹಕ್ಕೂ ಹಿತವೆಂದು ಈಗ ತಿಳಿದುಬರುತ್ತಿದೆ.

ಜಪಸರದಲ್ಲಿ ಏನು ಕಂಡುಬಂತು?

ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ 1975ರಲ್ಲಿ ಒಂದು ಪುಸ್ತಕ ಬರೆದು, ಒತ್ತಡದ ಪ್ರತಿಕ್ರಿಯೆಗೆ ವಿರುದ್ಧವಾದ ವಿಶ್ರಾಂತಿಯ ಪ್ರತಿಕ್ರಿಯೆಯೊಂದು ದೇಹದಲ್ಲಿದೆ ಎಂದು ವಾದಿಸಿದರು. ಒಂದು ಪದವನ್ನೋ ಪ್ರಾರ್ಥನೆಯನ್ನೋ ಮತ್ತೆ ಮತ್ತೆ ಹೇಳುತ್ತಾ, ಮನಸ್ಸು ಅಲೆದಾಗ ಮೆಲ್ಲನೆ ಅದಕ್ಕೇ ಮರಳಿದರೆ ಉಸಿರಾಟ, ಹೃದಯ ಬಡಿತ ನಿಧಾನವಾಗುತ್ತವೆ ಎಂದು ಅವರು ತೋರಿಸಿದರು. 2001ರ ಬಳಿಕ ಬೆನ್ಸನ್ ಮತ್ತು ಸಂಗಡಿಗರು ಈ ವಿಶ್ರಾಂತಿಯ ಹಿಂದೆ ನೈಟ್ರಿಕ್ ಆಕ್ಸೈಡ್ ಕೆಲಸ ಮಾಡುತ್ತಿರಬಹುದೆಂಬ ವಿಚಾರವನ್ನು ಮುಂದಿಟ್ಟರು. ಅದಕ್ಕೆ ಪೂರಕವಾದ ಸಣ್ಣ ಅಧ್ಯಯನವೊಂದು 2006ರಲ್ಲಿ ಬಂತು. ಇದು ಯೋಗ್ಯವಾದ ವಿಚಾರ. ಆದರೆ ಎಲ್ಲರೂ ಒಪ್ಪಿದ ಸಿದ್ಧಾಂತವಲ್ಲ.

ನಮ್ಮ ಓದುಗರಿಗೆ ಇನ್ನಷ್ಟು ಹತ್ತಿರವಾದ ಅಧ್ಯಯನವೊಂದು ಇಟಲಿಯದು. ಲೂಸಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. 23 ಮಂದಿ ಆರೋಗ್ಯವಂತರು ಲ್ಯಾಟಿನ್ ಭಾಷೆಯಲ್ಲಿ ಜಪಸರದ ನಮೋ ಮರಿಯ ಪ್ರಾರ್ಥನೆಯನ್ನು ಹೇಳಿದರು. ಯೋಗದ ಮಂತ್ರವನ್ನೂ ಹೇಳಿ ಹೋಲಿಸಲಾಯಿತು. ಎರಡರಲ್ಲಿಯೂ ಉಸಿರಾಟವು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಅರ್ಧ ಭಾಗವನ್ನು ಒಬ್ಬರು, ಉಳಿದರ್ಧವನ್ನು ಇನ್ನೊಬ್ಬರು ಹೇಳುವ ನಮ್ಮ ಕ್ರಮದಲ್ಲಿ ಒಂದು ನಮೋ ಮರಿಯಕ್ಕೆ ಸುಮಾರು 10 ಸೆಕೆಂಡು ತಗಲುತ್ತದೆ, ಅದೇ ಇದರ ಗುಟ್ಟು. ರಕ್ತದೊತ್ತಡದ ಏರಿಳಿತವನ್ನು ಗುರುತಿಸಿ ಹೃದಯವನ್ನು ಹದಕ್ಕೆ ತರುವ ದೇಹದ ವ್ಯವಸ್ಥೆಯೂ ಆಗ ಹೆಚ್ಚು ಚುರುಕಾಯಿತು. ಈ ಅಧ್ಯಯನದಲ್ಲಿ ನೈಟ್ರಿಕ್ ಆಕ್ಸೈಡನ್ನು ಅಳೆಯಲಿಲ್ಲ ಎಂಬುದನ್ನು ನೆನಪಿಡಬೇಕು. ಊಟಕ್ಕೆ ತಡವಾಯಿತೆಂದು ಓಡಿಸುವ ಜಪಸರದಲ್ಲಿ ಈ ನಿಧಾನದ ಉಸಿರು ಸಿಗಲಾರದು ಎಂಬುದನ್ನು ಮಾತ್ರ ಯಾವ ಪ್ರಯೋಗವೂ ಇಲ್ಲದೆ ಹೇಳಬಹುದು.

ಹಾಡುವವರಿಗೂ ಒಂದು ಸುದ್ದಿಯಿದೆ. ಮೂಗಿನ ಸುತ್ತಲಿನ ಎಲುಬಿನ ಪೊಳ್ಳುಗಳಲ್ಲಿ ನೈಟ್ರಿಕ್ ಆಕ್ಸೈಡ್ ಧಾರಾಳವಾಗಿ ತಯಾರಾಗುತ್ತದೆ. ಬಾಯಿ ಮುಚ್ಚಿ ರಾಗ ಗುನುಗಿದಾಗ ಮೂಗಿನಿಂದ ಹೊರಬರುವ ಈ ಅನಿಲವು ಸುಮ್ಮನೆ ಉಸಿರು ಬಿಡುವುದಕ್ಕಿಂತ 15 ಪಟ್ಟು ಹೆಚ್ಚುತ್ತದೆಂದು ಸ್ವೀಡನ್ನಿನ ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ 2002ರಲ್ಲಿ ತೋರಿಸಿದರು. ಆದರೆ ಅದು ಮೂಗಿನ ಗಾಳಿಯ ಲೆಕ್ಕ. ಅದರಿಂದ ಬಿ.ಪಿ. ಇಳಿಯುತ್ತದೆಂದು ಅವರು ಹೇಳಲಿಲ್ಲ.

ಪ್ರಾರ್ಥನೆ ಮಾತ್ರೆಯಲ್ಲ

ಇಲ್ಲಿಯೇ ನಾವು ಎಚ್ಚರಿಕೆಯಿಂದ ಹೆಜ್ಜೆ ಇಡಬೇಕು. ಪ್ರಾರ್ಥನೆಯಿಂದ ದೇಹ ಶಾಂತವಾಗುತ್ತದೆ ಎಂಬುದು ಸಂತೋಷದ ವಿಷಯವೇ. ಆದರೆ ಅನಿಲ ತಯಾರಿಸುವುದಕ್ಕಾಗಿ ನಾವು ಪ್ರಾರ್ಥಿಸುವುದಿಲ್ಲ. ತಾಯಿಯ ಮಡಿಲಲ್ಲಿ ಮಲಗಿದ ಮಗುವಿನ ಉಸಿರು ನಿಧಾನವಾಗುತ್ತದೆ. ಉಸಿರು ನಿಧಾನವಾಗಲೆಂದು ಮಗು ತಾಯಿಯ ಬಳಿಗೆ ಹೋಗುವುದಿಲ್ಲ. ಬಿ.ಪಿ. ಇಳಿಯದಿದ್ದರೆ ಪ್ರಾರ್ಥನೆ ಫಲಿಸಲಿಲ್ಲ ಎಂದು ಎಣಿಸುವವನು ದೇವರನ್ನು ಔಷಧಿ ಅಂಗಡಿಯ ಮಟ್ಟಕ್ಕೆ ಇಳಿಸಿದಂತೆ.

ಬೆನ್ಸನ್ ಅವರೇ ಮುಂದಾಳಾಗಿದ್ದ ಇನ್ನೊಂದು ದೊಡ್ಡ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಮೆರಿಕದ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೊಳಗಾದ 1,802 ರೋಗಿಗಳಲ್ಲಿ ಕೆಲವರಿಗಾಗಿ ದೂರದಿಂದ ಇತರರು ಪ್ರಾರ್ಥಿಸಿದರು. ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯದ ರೋಗಿಗಳಲ್ಲಿ ತೊಡಕುಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿದ್ದವು. ಪ್ರಾರ್ಥನೆ ಖಂಡಿತ ನಡೆಯುತ್ತಿದೆ ಎಂದು ತಿಳಿಸಲಾದವರಲ್ಲಿ ತೊಡಕುಗಳು ಸ್ವಲ್ಪ ಹೆಚ್ಚೇ ಇದ್ದವು. ಇದರಿಂದ ವಿಶ್ವಾಸಿಗಳು ಎದೆಗುಂದಬೇಕಿಲ್ಲ. ದೇವರ ಕೃಪೆಯನ್ನು ಮಿಲಿಗ್ರಾಮಿನಲ್ಲಿ ಅಳೆಯಲಾಗದು ಎಂಬುದು ನಮಗೆ ಹೊಸ ಪಾಠವೇನಲ್ಲ. ಆದರೆ ಪ್ರಾರ್ಥನೆಯನ್ನು ಚಿಕಿತ್ಸೆಯ ಜಾಗದಲ್ಲಿ ಕೂರಿಸುವವರು ಇದನ್ನು ಮರೆಯಬಾರದು.

ದೈವಕೃಪೆಯು ಮಾನವ ಪ್ರಕೃತಿಯನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರಿಂದ ಧರ್ಮಸಭೆ ಕಲಿತ ಪಾಠ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಜೀವಭಯದಿಂದ ಓಡಿ, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಸಿದು ಸಾವನ್ನು ಬೇಡುತ್ತಾನೆ. ದೇವದೂತನು ಅವನಿಗೆ ಮೊದಲು ಉಪದೇಶ ಮಾಡಲಿಲ್ಲ. ನಿದ್ರಿಸಲು ಬಿಟ್ಟನು, ರೊಟ್ಟಿ ಮತ್ತು ನೀರು ಕೊಟ್ಟನು, ಮತ್ತೆ ನಿದ್ರಿಸಲು ಬಿಟ್ಟನು, ಮತ್ತೆ ಉಣಿಸಿದನು. ದೇವರ ಮೆಲುದನಿಯನ್ನು ಅವನು ಕೇಳಿದ್ದು ಅದಾದ ಮೇಲೆ. ಬಳಲಿದ ಭಕ್ತರನ್ನು ಎದುರುಗೊಳ್ಳುವ ನಮಗೆಲ್ಲರಿಗೂ, ಸ್ವತಃ ಬಳಲಿರುವ ಗುರುಗಳಿಗೂ ಧರ್ಮೋಪದೇಶಕರಿಗೂ ಈ ಕ್ರಮ ಮಾದರಿಯಾಗಬೇಕು.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಯಾರಿಗೂ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಹೃದಯದ ಮಾತ್ರೆ ನಿಲ್ಲಿಸಲು ಹೇಳಬೇಡಿ. ಧ್ಯಾನಕೂಟ ಮುಗಿಸಿ ಬಂದು, ಇನ್ನು ಮಾತ್ರೆ ಬೇಡವೆನ್ನುವ ಭಕ್ತರಿದ್ದರೆ ಅವರ ವಿಶ್ವಾಸವನ್ನು ಹೀಗಳೆಯದೆ, ವೈದ್ಯರ ಬಳಿ ಕಳುಹಿಸಿ. ಹೆಚ್ಚಿನ ಬಿ.ಪಿ.ಗೆ ನೋವಿಲ್ಲ, ಮಾತ್ರೆ ಬಿಟ್ಟ ಮರುದಿನವೂ ಆರಾಮವೆನಿಸಬಹುದು. ಅಪಾಯ ಇರುವುದೇ ಅಲ್ಲಿ.

ಎರಡನೆಯದಾಗಿ, ನಾಲಿಗೆಯ ಅಡಿಯ ಮಾತ್ರೆಯನ್ನು ಕುಳಿತುಕೊಂಡೇ ತೆಗೆದುಕೊಳ್ಳಬೇಕು. ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ತಲೆನೋವು ಬರುವುದೂ ಸಹಜ. 5 ನಿಮಿಷದಲ್ಲಿ ನೋವು ಕಡಿಮೆಯಾಗದಿದ್ದರೆ 108ಕ್ಕೆ ಕರೆಮಾಡಿ. ಪೂಜೆ ಮುಗಿಯಲೆಂದು ಕಾಯಬೇಡಿ. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ವಯಾಗ್ರ ಎಂಬ ಹೆಸರಿನಿಂದ ಪರಿಚಿತವಾದ ಸಿಲ್ಡೆನಾಫಿಲ್ ಮತ್ತು ಆ ಗುಂಪಿನ ಮಾತ್ರೆಗಳೂ ನೈಟ್ರಿಕ್ ಆಕ್ಸೈಡಿನ ಹಾದಿಯಲ್ಲಿಯೇ ಕೆಲಸ ಮಾಡುತ್ತವೆ. ಎರಡೂ ಸೇರಿದರೆ ರಕ್ತದೊತ್ತಡ ಜೀವಕ್ಕೇ ಅಪಾಯವಾಗುವಷ್ಟು ಕುಸಿಯಬಹುದು. ಇದನ್ನು ನಾಚಿಕೆಯಿಂದ ವೈದ್ಯರಿಗೆ ಮುಚ್ಚಿಡಬಾರದು.

ಮೂರನೆಯದಾಗಿ, ನೈಟ್ರಿಕ್ ಆಕ್ಸೈಡ್ ಹೆಚ್ಚಿಸುವುದಾಗಿ ಹೇಳಿ ಮಾರುವ ಪುಡಿ, ಮಾತ್ರೆಗಳಿಗೆ ಮರುಳಾಗಬೇಡಿ. ಹೃದಯಾಘಾತವಾದವರಿಗೆ ಆರ್ಜಿನೈನ್ ಕೊಟ್ಟು ನೋಡಿದ 153 ರೋಗಿಗಳ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಆರ್ಜಿನೈನ್ ಪಡೆದವರಲ್ಲಿ 6 ಮಂದಿ ತೀರಿಕೊಂಡರು, ಪಡೆಯದವರಲ್ಲಿ ಯಾರೂ ಇಲ್ಲ. ರೋಗಿಗಳನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಲಾಯಿತು.

ನಾಲ್ಕನೆಯದಾಗಿ, ದೇಹ ತಾನೇ ಈ ಅನಿಲವನ್ನು ತಯಾರಿಸಲು ಬೇಕಾದದ್ದು ನಮ್ಮ ಕೈಯಲ್ಲೇ ಇದೆ. ದಿನವೂ ಬಿರುಸಾಗಿ ನಡೆದರೆ ರಕ್ತದ ಹರಿವು ಹೆಚ್ಚಿ ಒಳಪದರ ಚುರುಕಾಗುತ್ತದೆ. ಬೀಡಿ, ಸಿಗರೇಟು ಬಿಟ್ಟರೆ ಅದು ಚೇತರಿಸಿಕೊಳ್ಳತೊಡಗುತ್ತದೆ. ಹರಿವೆ, ಪಾಲಕ್, ಬೀಟ್‌ರೂಟ್, ಮೂಲಂಗಿಗಳಲ್ಲಿರುವ ನೈಟ್ರೇಟ್ ನಮ್ಮ ಬಾಯಿಯ ಬ್ಯಾಕ್ಟೀರಿಯಾಗಳ ನೆರವಿನಿಂದ ಬದಲಾಗಿ ಕೊನೆಗೆ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದರಲ್ಲೊಂದು ಪಾಲು ಚೆಲ್ಲಿಹೋಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಇವನ್ನು ಹೆಚ್ಚಿಸಬೇಕು.

ಕೊನೆಯದಾಗಿ, ಸಂಜೆಯ ಜಪಸರವನ್ನು ಅವಸರವಿಲ್ಲದೆ ಹೇಳೋಣ. ಅದು ದೇವಮಾತೆಯೊಡನೆ ಕುಳಿತು ಯೇಸುವಿನ ಜೀವನವನ್ನು ಧ್ಯಾನಿಸುವ ಹೊತ್ತು. ನಮ್ಮ ಉಸಿರು ಹದಕ್ಕೆ ಬಂದರೆ ಅದು ಜೊತೆಗೆ ದೊರೆತ ಕೊಡುಗೆ. ಮುಗಿದ ಮೇಲೆ ಮನೆಯ ಹಿರಿಯರು ರಾತ್ರಿಯ ಮಾತ್ರೆ ತೆಗೆದುಕೊಂಡರೋ ಎಂದು ಒಂದು ಮಾತು ಕೇಳೋಣ. ಎರಡೂ ಒಬ್ಬನೇ ದೇವರ ಕೊಡುಗೆಗಳು.